ಎಲ್ಲರೂ ಕೂತಿರುವಾಗ ನಿಂತವಳು

ನಮ್ಮ ಕಾಕಾನ ಮಗಳು ಏರ್ ಹೋಸ್ಟೆಸ್ ಅಂದ್ರೆ ಕನಕಗಿರಿಯಲ್ಲಿ ಇವತ್ತಿಗೂ ಜನ ಒಂದು ಸಲ ತಿರುಗಿ ನೋಡ್ತಾರೆ. ಅರ್ಧ ಜನ ಮೆಚ್ಚುಗೆಯಿಂದ, ಇನ್ನರ್ಧ ಜನ... ಬೇಡ ಬಿಡಿ. "ವಿಮಾನದಾಗ ಚಾ ಕೊಡೂ ಕೆಲಸಕ್ಕ ಇಷ್ಟ್ಯಾಕ ಓದಿಸಿದ್ಯೋ ತಮ್ಮಾ" ಅಂತ ಕಾಕಾನ ಮುಖಕ್ಕೇ ಹೇಳಿದವರಿದ್ದಾರೆ. ಕಾಕಾ ಪಾಪ, ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯೋ ಮನುಷ್ಯ, ಜಗಳ ಗೊತ್ತಿಲ್ಲ. "ಅಕಿಗೆ ಬೇಕಾಗಿತ್ತು, ಹೋದ್ಲು" ಅಂತಷ್ಟೇ ಅಂದು ಸುಮ್ಮನಾಗ್ತಾನೆ.

ಅವಳ ಕಾಲು ಮುರಿದಾಗ ಅದೇ ಜನ ಕೇಳಿದ ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

"ವಿಮಾನ ಬಿದ್ದಿಲ್ಲಲ್ಲ? ಮತ್ತ ಕಾಲು ಹೆಂಗ ಮುರೀತು?"

ಈ ಪೋಸ್ಟು ಆ ಪ್ರಶ್ನೆಗೆ ಉತ್ತರ. ಬರೆಯದೆ ಬಹಳ ದಿನ ಆಗಿತ್ತು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಚಹಾ ತಗೊಂಡು ಕೂತ್ಕೊಳ್ಳಿ :)

2024ರ ಏಪ್ರಿಲ್ ಕೊನೆ ಅದು. ನಮ್ಮ ಕಡೆ ಭರಣಿ ಮಳೆ ಯಾವಾಗ ಬರ್ತದೋ ಅಂತ ಮುಗಿಲು ನೋಡೋ ಹೊತ್ತು. ಅವಳ ವಿಮಾನ ಇಳಿಯೋಕೆ ಇನ್ನು ಇಪ್ಪತ್ತು ನಿಮಿಷ ಇತ್ತಂತೆ. ಸೀಟ್ ಬೆಲ್ಟ್ ಲೈಟ್ ಹತ್ತಿತ್ತು. ಇಲ್ಲೇ ಒಂದು ವಿಷಯ ಇದೆ ನೋಡಿ, ನಾನೂ ಅವಳು ಹೇಳೋ ತನಕ ಯೋಚಿಸಿರಲಿಲ್ಲ. ಆ ಲೈಟು ನಮಗೆ "ಕೂರು" ಅನ್ನುತ್ತೆ. ಆದ್ರೆ ಇಳಿಯೋ ಹೊತ್ತಿನಲ್ಲಿ ಅವರಿಗೆ ಅದೇ ಲೈಟು "ಏಳು, ಕೆಲಸ ಶುರು ಮಾಡು" ಅನ್ನುತ್ತೆ. ಯಾರ ಬೆಲ್ಟ್ ಬಿಚ್ಚಿದೆ, ಯಾರ ಸೀಟು ಹಿಂದೆ ವಾಲಿದೆ, ಯಾರ ಬ್ಯಾಗು ಕಾಲಡಿ ಇದೆ ಅಂತ ಒಂದೊಂದೇ ಸಾಲು ನೋಡ್ತಾ ಹೋಗಬೇಕು. ಖಾಲಿ ಕಪ್ಪು ಆಯಬೇಕು. ಟ್ರಾಲಿಗಳನ್ನ ಅದರ ಗೂಡಿಗೆ ತಳ್ಳಿ ಚಿಲಕ ಹಾಕಬೇಕು. ಎಲ್ಲಾ ಮುಗಿದ ಮೇಲೆ ತಾವು ಕೂರಬೇಕು.

ಅವತ್ತು ಹಿಂದಿನ ಸಾಲಿನ ಒಬ್ಬರು ಲೈಟ್ ಹತ್ತಿದ ಮೇಲೆ ಬಾತ್‌ರೂಮಿಗೆ ಅಂತ ಎದ್ದರಂತೆ. ಇವಳು ಹೋಗಿ "ಸರ್, ದಯವಿಟ್ಟು ಕೂತ್ಕೊಳ್ಳಿ" ಅಂದಿದ್ದಾಳೆ. ಅವರು "ಎರಡು ನಿಮಿಷ" ಅಂದಿದ್ದಾರೆ. ಆ ಎರಡು ನಿಮಿಷದ ಚೌಕಾಶಿ ಮುಗಿಸಿ ಅವರನ್ನ ಕೂರಿಸಿ ಬೆಲ್ಟ್ ಹಾಕಿಸಿ ಇವಳು ಹಿಂದಿನ ಗ್ಯಾಲಿಗೆ (ವಿಮಾನದ ಅಡುಗೆಮನೆ ಅನ್ನಿ) ಬಂದಾಗ ಒಂದು ಟ್ರಾಲಿಯ ಚಿಲಕ ಬಾಕಿ ಇತ್ತು. ಕೈ ಹಾಕಿದಳು.

"ನೆಲ ಇರಲಿಲ್ಲ ಅಣ್ಣಾ. ಕಾಲಾಗ ನೆಲಾನೇ ಇರಲಿಲ್ಲ. ಆಮ್ಯಾಲ ಒಮ್ಮೆಲೆ ಬಂತು."

ನೆಲದ ಜೊತೆಗೆ ಟ್ರಾಲಿಯೂ ಬಂತು. ಬಲಗಾಲಿನ ಹಿಮ್ಮಡಿ ಮೇಲಿನ ಗಂಟು ಎರಡು ಕಡೆ ಮುರಿದಿತ್ತು. ಜೊತೆಗಿದ್ದ ಹುಡುಗಿ ಟ್ರಾಲಿಯನ್ನ ಒದ್ದು ಒಳಗೆ ತಳ್ಳಿ, ಇವಳನ್ನ ಗೋಡೆಗೆ ಒರಗಿಸಿ ನೆಲದ ಮೇಲೇ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಎದುರಿನ ಗೋಡೆಗೆ ಎರಡೂ ಕಾಲು ಒತ್ತಿ ಹಿಡಕೊಂಡಳಂತೆ. ಕೂರೋಕೆ ಪುರುಸೊತ್ತು ಇಲ್ಲದಿದ್ದರೆ ಎಲ್ಲಿದ್ದಾರೋ ಅಲ್ಲೇ ಕೂತುಬಿಡಬೇಕು, ಖಾಲಿ ಸೀಟು ಆದ್ರೂ ಸರಿ, ನೆಲ ಆದ್ರೂ ಸರಿ, ಏನಾದರೂ ಗಟ್ಟಿಯಾಗಿ ಹಿಡಕೊಬೇಕು ಅಂತ ಅವರಿಗೆ ತರಬೇತಿಯಲ್ಲೇ ಹೇಳಿಕೊಟ್ಟಿರ್ತಾರೆ. ಪ್ರಯಾಣಿಕರಲ್ಲಿ ಒಬ್ಬರಿಗೂ ತರಚು ಗಾಯ ಕೂಡ ಆಗಲಿಲ್ಲ. ಯಾಕಂದ್ರೆ ಎಲ್ಲರ ಬೆಲ್ಟೂ ಇವಳೇ ನೋಡಿ ಬಂದಿದ್ದಳು.

ಈಗ ನನ್ನೊಳಗಿನ ಇಂಜಿನಿಯರ್ ಮಾತಾಡ್ತಾನೆ, ಸಹಿಸಿಕೊಳ್ಳಿ.

ನಮ್ಮ ಕಡೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬಯಲಿಗೆ ಹೋದ್ರೆ ಸುಂಟರಗಾಳಿ ಕಾಣುತ್ತೆ. ಧೂಳು, ಒಣ ಎಲೆ, ಪ್ಲಾಸ್ಟಿಕ್ ಚೀಲ ಎಲ್ಲಾ ಎತ್ತಿಕೊಂಡು ಕಂಬದ ಹಾಗೆ ತಿರುಗುತ್ತಾ ಹೋಗುತ್ತಲ್ಲ, ಅದೇ. ನಮ್ಮಜ್ಜಿ ಅದಕ್ಕೆ ದೆವ್ವನ ಗಾಳಿ ಅಂತಿದ್ದಳು, ಅಡ್ಡ ಹೋಗಬ್ಯಾಡ್ರಿ ಅಂತ ಬೈತಿದ್ದಳು. ಅದು ನಿಜಕ್ಕೂ ಕಾದ ನೆಲದಿಂದ ಮೇಲೇಳೋ ಬಿಸಿಗಾಳಿ. ಧೂಳು ಇದ್ದಲ್ಲಿ ನಮಗೆ ಕಾಣುತ್ತೆ, ಇಲ್ಲದಿದ್ದಲ್ಲಿ ಕಾಣಲ್ಲ ಅಷ್ಟೇ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರು ನಿಂತ ಭತ್ತದ ಗದ್ದೆ ನಿಧಾನಕ್ಕೆ ಕಾಯುತ್ತೆ, ಪಕ್ಕದ ಕಲ್ಲುಗುಡ್ಡ ಬೇಗ ಕಾಯುತ್ತೆ. ಹಾಗಾಗಿ ಗುಡ್ಡದ ಮೇಲಿನ ಗಾಳಿ ಏಳುತ್ತೆ, ಆ ಜಾಗ ತುಂಬೋಕೆ ಅಕ್ಕಪಕ್ಕದ ಗಾಳಿ ಇಳಿಯುತ್ತೆ.

2021ರ ಮಾರ್ಚಿನಲ್ಲಿ ಕನಕಾಚಲಪತಿ ಜಾತ್ರೆಗೆ ಅಂತ ನಾನು ಮೊದಲ ಸಲ ವಿಮಾನ ಹತ್ತಿದ್ದೆ. ಬೆಂಗಳೂರಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ. ಅದು ಜಿಂದಾಲ್‌ನವರ ನಿಲ್ದಾಣ, 2017ರಲ್ಲಿ ಉಡಾನ್ ಯೋಜನೆ ಬಂದ ಮೇಲೆ ನಮ್ಮಂಥವರಿಗೂ ಅಲ್ಲಿಗೆ ಟಿಕೆಟ್ ಸಿಗೋ ಹಾಗಾಯ್ತು. ರೆಕ್ಕೆ ಮೇಲೆ ಪಂಖ ತಿರುಗೋ ಎಟಿಆರ್ ವಿಮಾನ, ಎಪ್ಪತ್ತು ಚಿಲ್ಲರೆ ಸೀಟು, ಇಬ್ಬರು ಸಿಬ್ಬಂದಿ. ಬಿಸಿಲೇರಿದ ಹೊತ್ತು. ಬಂಡೆಗುಡ್ಡಗಳು ಕಾಣೋಕೆ ಶುರುವಾದ ಕೂಡಲೇ ವಿಮಾನ ನಮ್ಮ ಕುಷ್ಟಗಿ ರೋಡಿನ ಬಸ್ಸಿನ ಹಾಗೆ ಕುಣಿಯೋಕೆ ಹತ್ತಿತು. ಇಂಥ ಬಿಸಿಲಿನ ಕುಣಿತ ಸಾಮಾನ್ಯವಾಗಿ ಸಣ್ಣದು, ಹೊಟ್ಟೆ ತೊಳಸುತ್ತೆ ಅಷ್ಟೆ.

ದೊಡ್ಡದು ಬರೋದು ಗುಡುಗು ಮೋಡದಿಂದ. ಆ ಮೋಡದೊಳಗೆ ಗಾಳಿ ಒಂದು ಕಡೆ ರಭಸವಾಗಿ ಏರ್ತಿರುತ್ತೆ, ಪಕ್ಕದಲ್ಲೇ ರಭಸವಾಗಿ ಇಳೀತಿರುತ್ತೆ. ವಿಮಾನ ಒಂದರಿಂದ ಇನ್ನೊಂದಕ್ಕೆ ಸೆಕೆಂಡಿನಲ್ಲಿ ದಾಟುತ್ತೆ. ಮೂರನೇದು ಇನ್ನೂ ಕಿತಾಪತಿ, ಮೋಡವೇ ಇಲ್ಲದ ಶುಭ್ರ ಆಕಾಶದಲ್ಲಿ ಬರೋದು. ಬಹಳ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ವೇಗದ ಗಾಳಿಯ ಅಂಚಿನಲ್ಲಿ ಇದು ಹೆಚ್ಚು. ವಿಮಾನದ ಮೂಗಿನಲ್ಲಿರೋ ರೇಡಾರ್ ನೋಡೋದು ನೀರಿನ ಹನಿಗಳನ್ನ. ಹನಿ ಇಲ್ಲದಿದ್ರೆ ಅದಕ್ಕೆ ಏನೂ ಕಾಣಲ್ಲ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉತ್ತರ ಅಟ್ಲಾಂಟಿಕ್ ಮೇಲಿನ ಒಂದು ಸಾಮಾನ್ಯ ಜಾಗದಲ್ಲಿ ಇಂಥ ತೀವ್ರ ಕುಲುಕಾಟ ವರ್ಷಕ್ಕೆ 1979ರಲ್ಲಿ 17.7 ಗಂಟೆ ಇದ್ದದ್ದು 2020ಕ್ಕೆ 27.4 ಗಂಟೆ ಆಗಿದೆ. ಭೂಮಿ ಬಿಸಿಯಾಗ್ತಿರೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತಾರೆ ಅವರು.

ಈ ಎಲ್ಲದಕ್ಕೂ ನಮ್ಮ ಟಿವಿಯವರು ಇಟ್ಟಿರೋ ಹೆಸರು "ಏರ್ ಪಾಕೆಟ್". ಆಕಾಶದಲ್ಲಿ ಗಾಳಿ ಇಲ್ಲದ ಗುಂಡಿಗಳಿವೆ, ವಿಮಾನ ಅದರೊಳಗೆ ದಬಕ್ ಅಂತ ಬೀಳುತ್ತೆ ಅಂತ ಎಷ್ಟೋ ಜನ ನಿಜಕ್ಕೂ ನಂಬಿದ್ದಾರೆ. ಹಂಗೇನೂ ಇಲ್ಲ. ಅಂದಹಾಗೆ ಆ ಪದ ಮರೆಮಾಚೋಕೂ ಚೆನ್ನಾಗಿ ಒದಗುತ್ತೆ. 2010ರ ಮೇ 22ಕ್ಕೆ ಮಂಗಳೂರು ದುರಂತ ಆಯ್ತಲ್ಲ, ಅದಾದ ನಾಲ್ಕೇ ದಿನಕ್ಕೆ ದುಬೈನಿಂದ ಪುಣೆಗೆ ಬರ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಸಾವಿರಾರು ಅಡಿ ಕುಸಿದಿತ್ತು. ಮೊದಲು ಹೇಳಿದ್ದು ಏರ್ ಪಾಕೆಟ್ ಅಂತ. ಡಿಜಿಸಿಎ ತನಿಖೆಯಲ್ಲಿ ಬಂದದ್ದೇ ಬೇರೆ: ಕ್ಯಾಪ್ಟನ್ ಹೊರಗೆ ಹೋಗಿದ್ದಾಗ ಕೋ-ಪೈಲಟ್ ಸೀಟು ಸರಿ ಮಾಡಿಕೊಳ್ಳೋಕೆ ಹೋಗಿ ಕಂಟ್ರೋಲ್ ಕಾಲಮ್ ಅನ್ನು ಮುಂದೆ ಒತ್ತಿದ್ದ! ಗಾಳಿ ಪಾಪ ಏನೂ ಮಾಡಿರಲಿಲ್ಲ.

ಗಾಳಿಯೇ ಮಾಡಿದ ಕೇಸಿಗೆ ಬರ್ತೀನಿ. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಹಳ ಸುದ್ದಿಯಾದದ್ದು 2022ರ ಮೇ 1ರ ಸಂಜೆಯದು. ಸ್ಪೈಸ್‌ಜೆಟ್‌ನ ಎಸ್‌ಜಿ-945, ಮುಂಬೈನಿಂದ ಬಂಗಾಳದ ದುರ್ಗಾಪುರಕ್ಕೆ, ಬೋಯಿಂಗ್ 737. ನಮಗೆ ಭರಣಿ ಮಳೆ ಇದ್ದ ಹಾಗೆ ಆ ಕಡೆಯವರಿಗೆ ಆ ತಿಂಗಳಲ್ಲಿ ಕಾಲಬೈಶಾಖಿ, ಸಂಜೆ ಹೊತ್ತಿಗೆ ಏಕಾಏಕಿ ಬರೋ ಗುಡುಗು ಬಿರುಗಾಳಿ. ಇಲ್ಲೂ ವಿಮಾನ ಇಳೀತಿತ್ತು. ಇಲ್ಲೂ ಸೀಟ್ ಬೆಲ್ಟ್ ಲೈಟ್ ಹತ್ತಿತ್ತು. ಡಿಜಿಸಿಎ ಹೇಳಿಕೆ ಪ್ರಕಾರ ವಿಮಾನದ ಮೇಲಿನ ಭಾರ +2.64 ಜಿ ಮತ್ತು -1.36 ಜಿ ನಡುವೆ ಹೊಯ್ದಾಡಿತು, ಆಟೋಪೈಲಟ್ ಎರಡು ನಿಮಿಷ ಕಳಚಿಕೊಂಡು ಪೈಲಟ್‌ಗಳು ಕೈಯಲ್ಲೇ ಹಾರಿಸಿದರು. 14 ಪ್ರಯಾಣಿಕರಿಗೆ, 3 ಕ್ಯಾಬಿನ್ ಸಿಬ್ಬಂದಿಗೆ ಪೆಟ್ಟಾಯ್ತು. ಗಾಯಗೊಂಡಿದ್ದ ಒಬ್ಬ ಪ್ರಯಾಣಿಕರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಹದಿನಾಲ್ಕು ಮತ್ತು ಮೂರು. ಮೂರು ಕಡಿಮೆ ಅನ್ಸುತ್ತೆ ಅಲ್ವಾ? ಅಂಥ ವಿಮಾನದಲ್ಲಿ ಕ್ಯಾಬಿನ್ ಸಿಬ್ಬಂದಿ ಇರೋದೇ ನಾಲ್ಕು ಜನ.

ಆ ಜಿ ಲೆಕ್ಕ ಏನು ಅಂತ ಕಾಕಾ ಕೇಳಿದ್ದ, ಅವನಿಗೆ ಹೇಳಿದ ಹಾಗೇ ಇಲ್ಲಿ ಹೇಳ್ತೀನಿ. ನೀವೀಗ ಕುರ್ಚಿ ಮೇಲೆ ಕೂತಿದ್ದೀರಿ, ಅದು 1 ಜಿ. ಸೊನ್ನೆ ಅಂದ್ರೆ ತೇಲೋದು. ಮೈನಸ್ ಅಂದ್ರೆ ಚಾವಣಿ ನಿಮ್ಮನ್ನ ಎಳಕೊಂಡ ಹಾಗೆ. ನಿಜಕ್ಕೂ ನೀವು ಮೇಲೆ ಹೋಗ್ತಿರಲ್ಲ, ವಿಮಾನವೇ ನಿಮಗಿಂತ ಬೇಗ ಕೆಳಗೆ ಹೋಗ್ತಿರುತ್ತೆ. ನಿಂತವಳ ತಲೆಗೂ ಚಾವಣಿಗೂ ಅರ್ಧ ಮೀಟರ್ ಇದೆ ಅಂದುಕೊಳ್ಳಿ. -1.36 ಜಿ ಅಷ್ಟು ಹೊತ್ತು ನಿಂತ್ರೆ ತಲೆ ಚಾವಣಿಗೆ ಬಡಿಯೋಕೆ ಹಿಡಿಯೋ ಸಮಯ ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಬಡಿಯುವಾಗ ವೇಗ ಗಂಟೆಗೆ ಸುಮಾರು 13 ಕಿಲೋಮೀಟರ್. ಸೈಕಲ್ ಓಡಿಸ್ತಾ ಹೋಗಿ ನೆತ್ತಿಯಿಂದ ಗೋಡೆಗೆ ಗುದ್ದಿದ ಹಾಗೆ. ಆಮೇಲೆ +2.64 ಬಂದಾಗ 55 ಕೆಜಿಯ ಹುಡುಗಿ 145 ಕೆಜಿ ಆಗಿ ಕೆಳಗೆ ಬೀಳ್ತಾಳೆ, ಪಕ್ಕದ 80 ಕೆಜಿಯ ಟ್ರಾಲಿ 210 ಕೆಜಿ ಆಗಿರುತ್ತೆ. ಬೆಲ್ಟ್ ಹಾಕಿ ಕೂತವರಿಗೆ ಇಷ್ಟೇ ಹೊತ್ತಿನಲ್ಲಿ ಆಗೋದು ಹೊಟ್ಟೆಯೊಳಗೆ ಚಿಟ್ಟೆ ಹಾರಿದ ಹಾಗೆ, ಹೆಚ್ಚಂದ್ರೆ ಕೈಯಲ್ಲಿದ್ದ ನೀರು ಮೈಮೇಲೆ.

ಕಾಕಾ ಇದನ್ನೆಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರಾಲಿಗೂ ಒಂದು ಬೆಲ್ಟ್ ಐತೇನು?" ಅಂದ. ಚಿಲಕ ಇದೆ ಅಂದೆ. "ಅಂದ್ರ ಅದಕ್ಕ ಐತಿ" ಅಂದು ಎದ್ದು ಹೋದ.

ಅಮೆರಿಕದಲ್ಲಿ ಇದರ ಲೆಕ್ಕ ಸರಿಯಾಗಿ ಇಟ್ಟಿದ್ದಾರೆ. ಎಫ್‌ಎಎ ಪ್ರಕಾರ 2009ರಿಂದ 2022ರ ತನಕ ಕುಲುಕಾಟದಿಂದ ಗಂಭೀರ ಗಾಯ ಆದವರು 163 ಜನ. ಅದರಲ್ಲಿ ಪ್ರಯಾಣಿಕರು 34, ಸಿಬ್ಬಂದಿ 129. ಇನ್ನೊಮ್ಮೆ ಓದಿ. ವಿಮಾನದಲ್ಲಿ ನೂರೈವತ್ತು ಜನ ಪ್ರಯಾಣಿಕರಿದ್ರೆ ನಾಲ್ಕೈದು ಜನ ಸಿಬ್ಬಂದಿ ಇರ್ತಾರೆ, ಆದ್ರೂ ಗಾಯದಲ್ಲಿ ಅವರ ಪಾಲು ಐದರಲ್ಲಿ ನಾಲ್ಕು. "ಗಂಭೀರ" ಅಂದ್ರೆ ಸುಮ್ಮನೆ ಅಲ್ಲ, 48 ಗಂಟೆಗಿಂತ ಹೆಚ್ಚು ಆಸ್ಪತ್ರೆ, ಅಥವಾ ಮೂಳೆ ಮುರಿತ. ಬೆರಳು, ಮೂಗಿನ ಸಣ್ಣ ಮುರಿತ ಅದರಲ್ಲಿ ಲೆಕ್ಕಕ್ಕೇ ಇಲ್ಲ! ಅಲ್ಲಿನ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2021ರಲ್ಲಿ ಒಂದು ವರದಿ ಕೊಟ್ಟಿತು. ಪೆಟ್ಟು ಹೆಚ್ಚು ಬೀಳೋದು ವಿಮಾನದ ಹಿಂಭಾಗದಲ್ಲಿ ಅಂತ ಅದರಲ್ಲಿದೆ. ಇಳಿಯುವಾಗ ಸಿಬ್ಬಂದಿಯನ್ನ ಈಗಿನದಕ್ಕಿಂತ ಬೇಗ ಕೂರಿಸಿ ಅಂತಾನೂ ಇದೆ. ಇಳಿಯುವಾಗ, ಹಿಂದಿನ ಗ್ಯಾಲಿ. ಓದುವಾಗ ನನಗೆ ಯಾರೋ ನಮ್ಮ ಮನೆಯ ವಿಷಯವನ್ನೇ ಬರೆದಿಟ್ಟ ಹಾಗೆ ಅನಿಸಿತು.

ಇವಳು ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಊರಿಗೆ ಬಂದು ಮಲಗಿದಾಗ ನನಗೆ ವರ್ಕ್ ಫ್ರಮ್ ಹೋಮ್ ಇತ್ತು, ಹಾಗಾಗಿ ಒಂದು ತಿಂಗಳು ಅಲ್ಲೇ ಇದ್ದೆ. ಮಲಗೋ ಮಂಚದ ಪಕ್ಕ ನನ್ನ ಲ್ಯಾಪ್‌ಟಾಪು. ನೋಡೋಕೆ ಬಂದವರಿಗೆಲ್ಲ ಅವಳು ಹೇಳ್ತಿದ್ದ ಜೋಕು ಒಂದೇ. ನಮ್ಮ ಕಡೆ ಗಾದೆ ಇದೆಯಲ್ಲ, ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ. "ಸದ್ಯಕ್ಕ ನನಗ ಕನಕಗಿರಿನೇ ಗತಿ ನೋಡ್ರಿ" ಅಂತಿದ್ದಳು. ಬಂದವರು ನಗ್ತಿದ್ದರು. ಚಿಗವ್ವ ಮಾತ್ರ ಒಳಗೆ ಹೋಗಿಬಿಡ್ತಿದ್ದಳು.

ಅದೇ ತಿಂಗಳು, ಮೇ 21ಕ್ಕೆ, ಲಂಡನ್ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 321 ಮ್ಯಾನ್ಮಾರ್ ಮೇಲೆ ಸಿಕ್ಕಿಹಾಕಿಕೊಂಡ ಸುದ್ದಿ ಬಂತು. 37,000 ಅಡಿ ಎತ್ತರ, ತಿಂಡಿ ಕೊಡ್ತಿದ್ದ ಹೊತ್ತು. 73 ವರ್ಷದ ಬ್ರಿಟಿಷ್ ಪ್ರಯಾಣಿಕರೊಬ್ಬರು ತೀರಿಕೊಂಡರು, ಹತ್ತಾರು ಜನಕ್ಕೆ ಗಾಯ, ವಿಮಾನ ಬ್ಯಾಂಕಾಕ್‌ನಲ್ಲಿ ಇಳೀತು. ಆಮೇಲೆ ಬಂದ ಪ್ರಾಥಮಿಕ ತನಿಖಾ ವರದಿ ನೋಡಿದ್ರೆ ಇಡೀ ಅನಾಹುತ ಮುಗಿದದ್ದು 4.6 ಸೆಕೆಂಡಿನಲ್ಲಿ, ಇಳಿದ ಎತ್ತರ 178 ಅಡಿ. ಟಿವಿಯಲ್ಲಿ ಮುರಿದ ಚಾವಣಿ, ನೆಲದ ಮೇಲೆ ಚೆಲ್ಲಿದ ತಿಂಡಿ, ನೇತಾಡೋ ಆಕ್ಸಿಜನ್ ಮಾಸ್ಕು. ನಾನು ಚಾವಣಿ ನೋಡ್ತಿದ್ದೆ. ಅವಳು ಗ್ಯಾಲಿಯ ಫೋಟೋ ಬಂದಾಗ "ನಿಂದ್ರಸು, ನಿಂದ್ರಸು" ಅಂದಳು. ಸುದ್ದಿಗೆ ಪಾಸ್ ಬಟನ್ ಇಲ್ಲ. "ಎಲ್ಲಾ ಹೊರಗ ಬಂದಾವ" ಅಂದಳು, ಟ್ರಾಲಿ, ಡಬ್ಬಿಗಳ ಬಗ್ಗೆ. "ಅಲ್ಲಿ ಯಾರಿದ್ರೋ ಏನೋ."

ಆಮೇಲೆ ಸಿಂಗಪುರ್ ಏರ್‌ಲೈನ್ಸ್‌ನವರು ಸೀಟ್ ಬೆಲ್ಟ್ ಲೈಟ್ ಹತ್ತಿದಾಗ ಊಟ, ಬಿಸಿ ಪಾನೀಯ ಎರಡನ್ನೂ ನಿಲ್ಲಿಸಿದರು. ಕೊರಿಯನ್ ಏರ್‌ನವರು ಆ ವರ್ಷ ಜುಲೈನಿಂದ ಇಳಿಯೋ 40 ನಿಮಿಷ ಮೊದಲೇ ಸೇವೆ ಬಂದ್ ಮಾಡೋಕೆ ಶುರು ಮಾಡಿದರು, ಮೊದಲು 20 ನಿಮಿಷ ಇತ್ತು. ಆಗಸ್ಟಿನಲ್ಲಿ ಎಕಾನಮಿಯವರಿಗೆ ಕೊಡ್ತಿದ್ದ ಬಿಸಿ ನೂಡಲ್ಸನ್ನೂ ನಿಲ್ಲಿಸಿದರು. ದೊಡ್ಡ ತಂತ್ರಜ್ಞಾನ ಏನೂ ಬೇಕಾಗಲಿಲ್ಲ ನೋಡಿ. ನೂಡಲ್ಸ್ ಬಂದ್.

ಈಗ ದುಡ್ಡಿನ ವಿಷಯ. ಇದನ್ನ ಬರೆಯಲೋ ಬೇಡವೋ ಅಂತ ಅವಳನ್ನೇ ಕೇಳಿದೆ. ಕಂಪನಿ ಹೆಸರು ಹಾಕದಿದ್ರೆ ಬರಿ ಅಂದಳು. ಈ ಕೆಲಸದಲ್ಲಿ ಸಂಬಳದ ದೊಡ್ಡ ಪಾಲು ಹಾರಿದ ಗಂಟೆ ಮೇಲೆ. ಕಾಲಿಗೆ ಪ್ಲಾಸ್ಟರ್ ಬಿದ್ದ ದಿನದಿಂದ ಹಾರಿದ ಗಂಟೆ ಸೊನ್ನೆ. ಕಂಪನಿಯವರು ಆಪರೇಷನ್ ಖರ್ಚು ಕೊಟ್ಟರು, ಮೂಲ ವೇತನ ಕೊಟ್ಟರು, ಅಷ್ಟಕ್ಕೇ ಮುಗೀತು. ಅವಳು ಬಾಡಿಗೆ ಕಟ್ಟಿ ಮನೆಗೆ ಕಳಿಸ್ತಿದ್ದ ದುಡ್ಡು ಆ ಹಾರಾಟದ ಭತ್ಯೆಯಿಂದಲೇ ಬರ್ತಿತ್ತು.

ನಾನು ಕಾನೂನು ಹುಡುಕಿದೆ (ರಾತ್ರಿ ಬಿಲ್ಡ್ ಓಡೋ ತನಕ ಬೇರೆ ಏನು ಕೆಲಸ). ಪ್ರಯಾಣಿಕರಿಗೆ ಪೆಟ್ಟಾದ್ರೆ 1972ರ ಕ್ಯಾರೇಜ್ ಬೈ ಏರ್ ಕಾಯ್ದೆ ಇದೆ. ಸಿಬ್ಬಂದಿ ಪ್ರಯಾಣಿಕರಲ್ಲ. ಅವರು ಬರೋದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ವಿಮಾನದ ಕ್ಯಾಪ್ಟನ್ ಮತ್ತು ಸಿಬ್ಬಂದಿ ಅಂತ ಸ್ಪಷ್ಟವಾಗಿ ಬರೆದಿತ್ತು. ಖುಷಿಯಾಯ್ತು. ಮುಂದೆ ಓದಿದೆ. ತಾತ್ಕಾಲಿಕವಾಗಿ ಕೆಲಸ ಮಾಡೋಕಾಗದಿದ್ರೆ ಅರ್ಧ ತಿಂಗಳಿಗೊಮ್ಮೆ ಸಂಬಳದ ಶೇಕಡಾ 25. ಆದ್ರೆ ಲೆಕ್ಕಕ್ಕೆ ಹಿಡಿಯೋ ಸಂಬಳದ ಮಿತಿ 2020ರಿಂದ ತಿಂಗಳಿಗೆ 15,000 ರೂಪಾಯಿ. ಅಂದ್ರೆ ಎಷ್ಟೇ ದುಡೀತಿರಲಿ, ತಿಂಗಳಿಗೆ 7,500. ಬೆಂಗಳೂರಿನಲ್ಲಿ ಅವಳ ಪಿಜಿ ಬಾಡಿಗೆಗೆ ಸಾಲದು. ಲ್ಯಾಪ್‌ಟಾಪ್ ಮುಚ್ಚಿದೆ.

ಇದರ ನಡುವೆ ಒಂದು ವರನ ಕಡೆಯವರು ಯಲಬುರ್ಗಾದಿಂದ ಬಂದರು. ಮೊದಲೇ ಮಾತಾಗಿತ್ತು, ಬೇಡ ಅನ್ನೋಕೆ ಆಗಲಿಲ್ಲ. ಹುಡುಗನ ಸೋದರಮಾವ ಬಹಳ ಮರ್ಯಾದೆಯಿಂದಲೇ ಕೇಳಿದರು, "ಕಾಲು ಮೊದಲಿನಂಗ ಆಕ್ಕೈತಲ್ರಿ?" ಆಮೇಲೆ, "ಇನ್ನ ಆ ಕೆಲಸಕ್ಕ ಹೋಗೂದಿಲ್ಲಲ್ಲ?" ಮೊದಲನೇ ಪ್ರಶ್ನೆಗೆ ಕಾಕಾ ಹೂಂ ಅಂದ. ಎರಡನೇದಕ್ಕೆ ಮಂಚದ ಮೇಲಿಂದಲೇ ಉತ್ತರ ಬಂತು, "ಹೋಗ್ತೀನ್ರಿ." ಅವಲಕ್ಕಿ ತಿಂದು ಹೋದರು. ಮತ್ತೆ ಫೋನ್ ಬರಲಿಲ್ಲ.

ಆ ರಾತ್ರಿ ನಾನು ಅವಳಿಗೆ ಕೇಳಿದೆ, ನೆಲದ ಮೇಲಿನ ಕೆಲಸ ಕೊಡ್ತಾರಂತಲ್ಲ, ಟ್ರೇನಿಂಗ್ ಸೆಂಟರಿನಲ್ಲೋ ಆಫೀಸಿನಲ್ಲೋ, ಅದಕ್ಕೆ ಹೋಗಬಾರದಾ ಅಂತ.

"ಅಣ್ಣಾ, ನನಗ ಹಾರೂದು ಬೇಕು. ಬೀಳೂದು ಬ್ಯಾಡ. ಎರಡೂ ಒಂದ ಅಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಲೆಕ್ಕ ಸರಿ ಇದೆ ಅಂತಲೇ ನನಗೆ ಇವತ್ತಿಗೂ ಅನ್ಸುತ್ತೆ. ಕಾಲು ಮುರಿದದ್ದು ಗಾಳಿಯಿಂದ ಅಂತ ಎಲ್ಲರೂ ಹೇಳ್ತಾರೆ. ಅವಳು ನಿಂತಿದ್ದರಿಂದ ಮುರೀತು. ಅವಳು ನಿಂತಿದ್ದದ್ದು ಕೊನೇ ನಿಮಿಷದ ತನಕ ಕೆಲಸ ಉಳಿಸಿಕೊಳ್ಳೋ ಹಾಗೆ ವೇಳಾಪಟ್ಟಿ ಇದ್ದದ್ದರಿಂದ, ಒಬ್ಬರಿಗೆ ಎರಡು ನಿಮಿಷ ಬೇಕಾಗಿದ್ದರಿಂದ. ಗಾಳಿಗೆ ಏನೂ ಹೇಳೋಕಾಗಲ್ಲ. ಉಳಿದ ಎರಡಕ್ಕೆ ಹೇಳಬಹುದು.

ಏಳು ತಿಂಗಳು ಹಿಡೀತು. ಡಿಸೆಂಬರಿನಲ್ಲಿ ಮೆಡಿಕಲ್ ಫಿಟ್‌ನೆಸ್ ಪಾಸಾದಳು. ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸವನ್ನ ನಮ್ಮ ಅಂಗಳದ ತುಳಸಿಕಟ್ಟೆ ಹಿಡಕೊಂಡು ದಿನಾ ಮಾಡ್ತಿದ್ದಳು, ಓಣಿಯ ಹುಡುಗರು ಎದುರಿಗೆ ನಿಂತು ತಾವೂ ಮಾಡ್ತಿದ್ದರು. 2025ರ ಜನವರಿಯಲ್ಲಿ ಕೆಲಸಕ್ಕೆ ವಾಪಸ್.

ಮೊನ್ನೆ ಫೋನ್ ಮಾಡಿದಾಗ ಗುವಾಹಟಿಯಲ್ಲಿದ್ದಳು. ದಾರಿಯಲ್ಲಿ ಮೋಡ ಇತ್ತಂತೆ. ಕ್ಯಾಪ್ಟನ್ ಇಳಿಯೋ ಅರ್ಧ ಗಂಟೆ ಮೊದಲೇ ಸೇವೆ ನಿಲ್ಲಿಸಿ ಎಲ್ಲಾ ಸಿಬ್ಬಂದಿಯನ್ನ ಕೂರಿಸಿಬಿಟ್ಟರಂತೆ. ಎರಡು ಸಲ ಜೋರಾಗಿ ಕುಣೀತು, ಯಾರಿಗೂ ಏನೂ ಆಗಲಿಲ್ಲ. ಹದಿನೆಂಟನೇ ಸಾಲಿನವರೊಬ್ಬರು ತಮಗೆ ಚಹಾ ಸಿಗಲಿಲ್ಲ ಅಂತ ಕಂಪ್ಲೇಂಟ್ ಬರೆದುಕೊಟ್ಟು ಹೋಗಿದ್ದಾರೆ.